ಮಾಯಕ್ಕನ ಬೀಜದ ಪೆಟ್ಟಿಗೆ

ಆ ಪೆಟ್ಟಿಗೆಯನ್ನು ಇನ್ನೊಬ್ಬರಿಗೆ ಕೊಡಲು ಜಯಪ್ರಕಾಶ ಯಾರು? ಅದು ಮಾಯಕ್ಕನದು.

ಚಿಕ್ಕರಸಿನಕೆರೆಯ ನಮ್ಮ ಬೀದಿಯ ಮಾಯಕ್ಕನಿಗೆ ಹೊಲವಿಲ್ಲ. ಕಳೆ ಕೀಳಲು ಕೂಲಿಗೆ ಹೋಗುತ್ತಾಳೆ. ಆದರೂ ಬೀದಿಯವರ ಬಿತ್ತನೆ ರಾಗಿ, ಅವರೆ ಎಲ್ಲ ಇರುವುದು ಅವಳ ಮನೆಯಲ್ಲೇ. ಹಿಂದೆ ಮಳವಳ್ಳಿ ಕಡೆ ಒಬ್ಬ ಇಂಗ್ಲಿಷ್ ಇಂಜಿನಿಯರನ ಬಂಗಲೆಯಲ್ಲಿ ಅವಳ ಅತ್ತೆ ಕಸ ಗುಡಿಸುತ್ತಿದ್ದರು. ಅವನು ತನ್ನ ದೇಶಕ್ಕೆ ಹೊರಟಾಗ ಈ ಪೆಟ್ಟಿಗೆಯನ್ನು ಅವರಿಗೆ ಬಿಟ್ಟುಹೋದ. ಮುಂದುಗಡೆ ಸಾಲಾಗಿ ಕಮಾನಿನ ಕೆತ್ತನೆ. ಕೂಡಿಸಿದ ಕಡೆಯಲ್ಲೆಲ್ಲ ಮೊಳೆಯಲ್ಲ, ಮರದ ಗೂಟ. ಇಲಿಗಳು ಕಡಿದು ಕಡಿದು ಸೋತಿವೆ. ಮಾಯಕ್ಕ ಬೀಜಕ್ಕೆ ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಸಿ ಗಂಟು ಕಟ್ಟಿಡುತ್ತಾಳೆ. ಯಾರ ಗಂಟು ಯಾರದೆಂದು ಬಟ್ಟೆಯ ಅಂಚು ನೋಡಿಯೇ ಹೇಳುತ್ತಾಳೆ.

ಮೊನ್ನೆ ಅವಳು ಗದ್ದೆಯಲ್ಲಿದ್ದಾಗ ಮೈದುನನ ಮಗ ಜಯಪ್ರಕಾಶ, ಹೆದ್ದಾರಿಯಲ್ಲಿ ಹೋಟೆಲು ಕಟ್ಟಿಸುತ್ತಿರುವ ಶಶಿಧರನನ್ನು ಹೊರುವ ಆಳುಗಳ ಸಮೇತ ಗಾಡಿಯಲ್ಲಿ ಕರೆತಂದ. ಗಂಟುಗಳನ್ನೆಲ್ಲ ಅಂಗಳಕ್ಕೆ ಎಸೆದು ಪೆಟ್ಟಿಗೆಗೆ ಹಗ್ಗ ಬಿಗಿದರು. ಗಂಟು ಬಿಚ್ಚಿ ರಾಗಿಯ ಜೊತೆ ನನ್ನ ಅವರೆಯೂ ಮಣ್ಣುಪಾಲಾಯಿತು. ನಾನು ಕೂಗಿಕೊಂಡದ್ದು ಕೇಳಿ ಮಾಯಕ್ಕ ಕುಡುಗೋಲು ಹಿಡಿದೇ ಓಡಿಬಂದಳು.

ಶಶಿಧರ ಪೆಟ್ಟಿಗೆ ತಟ್ಟುತ್ತಾ, "ಓಕ್! ಓಕ್!" ಅಂದ.

ನಮ್ಮ ಬಾಯಲ್ಲಿ ಹೋಗು ಅನ್ನುವುದೇ ಓಗು. ಮಾಯಕ್ಕ ಉರಿದುಬಿದ್ದಳು.

"ನನ್ ಮನೇಲಿ ನಿಂತ್ಕಂಡು ನನ್ಗೇ ಓಗು ಅಂತೀಯಾ? ನೀನೋಗಲಾ!"

ಜಯಪ್ರಕಾಶ ನಕ್ಕ. "ಅಯ್ಯೋ ದೊಡ್ಡವ್ವ, ಓಕು ಅಂದ್ರೆ ಮರದ ಎಸ್ರು ಕಣವ್ವ."

"ನಾನೂರು ವರ್ಷದ್ದಮ್ಮ," ಅಂದ ಶಶಿಧರ. "ಇಂಗ್ಲೆಂಡಲ್ಲಿ ಸ್ಟುವರ್ಟ್ ರಾಜರು ಪಟ್ಟಕ್ಕೆ ಬಂದ ಹೊಸದರಲ್ಲಿ ಮಾಡಿದ್ದು. ಇಂಥದ್ರಲ್ಲಿ ಅವರೆಕಾಳು ತುಂಬೋದಾ?"

"ಇನ್ನೇನು, ರಾಜನ್ನ ತುಂಬ್ಲಾ?"

ಬೀದಿಯವರೆಲ್ಲ ನಕ್ಕರು. ಶಶಿಧರನ ಮುಖ ಬಿಗಿಯಿತು. "ನಿಮ್ಮ ಹುಡುಗನೇ ಒಪ್ಪಿದಾನೆ."

"ಮರದ ಎಸ್ರು ತಿಳ್ಕಂಡಿದ್ದೀಯ, ರಾಜನ ಎಸ್ರು ತಿಳ್ಕಂಡಿದ್ದೀಯ. ಪೆಟ್ಗೆ ಯಾರ್ದು ಅಂತ ಕೇಳಕ್ಕೆ ಬಾಯ್ ಬರ್ನಿಲ್ವಾ?" ಮಾಯಕ್ಕ ಹೋಗಿ ಮುಚ್ಚಳದ ಮೇಲೆ ಕೂತಳು. "ಓಗು, ನನ್ನೂ ಸೇರ್ಸಿ ಒತ್ಕಂಡೋಗು."

ಹೊರಲು ಬಂದಿದ್ದವರು ಹಿಂದೆ ಸರಿದರು. ನಾನು ಅವಳ ಕೈಯಿಂದ ಕುಡುಗೋಲು ತೆಗೆದುಕೊಂಡು ಹಗ್ಗ ಕೊಯ್ದೆ. ಶಶಿಧರ ಗಾಡಿ ಹತ್ತಿದ. ಜಯಪ್ರಕಾಶನೂ ಹತ್ತಲು ಹೋದ. ಮಾಯಕ್ಕ ಅವನ ಕೊರಳಪಟ್ಟಿ ಹಿಡಿದೆಳೆದು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂರಿಸಿದಳು.

"ಆಯ್ಕಲಾ. ಒಂದ್ ಕಾಳೂ ಬುಡ್ಬೇಡ. ರಾಗಿ ಬೇರೆ, ಅವರೆ ಬೇರೆ."