ಅಳಿಯನಿಗೆ ಪಟ್ಟ ಕೊಟ್ಟ ನಳಿನಾಕ್ಷಿ ಟೀಚರ್

ನಳಿನಾಕ್ಷಿ ಟೀಚರ್ ಕಾರ್ಕಳದಿಂದ ದಿನಾ ಬಸ್ಸಿನಲ್ಲಿ ನಮ್ಮ ಊರಿನ ಶಾಲೆಗೆ ಬರುತ್ತಿದ್ದರು. ಬೆಳ್ಮಣ್ಣು, ಶಿರ್ವ ದಾಟಿ ಶಂಕರಪುರದಲ್ಲಿ ಇಳಿಯುವಾಗ ಸೀರೆಯ ನೆರಿಗೆ ಅರ್ಧ ಬಿಚ್ಚಿರುತ್ತಿತ್ತು, ಮುಖದಲ್ಲಿ ಮಾತ್ರ ಸಿಟ್ಟು ಗಟ್ಟಿಯಾಗಿ ಕಟ್ಟಿಕೊಂಡಿರುತ್ತಿತ್ತು. ಅವರ ತಂದೆ ಕಲ್ಲು ಕೆತ್ತುವವರು. ಕಲ್ಲಿನ ಧೂಳು ಎದೆಗೆ ಇಳಿದು, ಉಳಿ ಹಿಡಿಯಲಾಗದೆ ಮನೆಯಲ್ಲಿ ಕೆಮ್ಮುತ್ತ ಕೂತಿದ್ದರು. ಮನೆ ನಡೆಯುತ್ತಿದ್ದದ್ದು ಟೀಚರ ಸಂಬಳದಲ್ಲಿ. ಆ ಕೆಲಸವೋ, ಇನ್ನೂ ತಾತ್ಕಾಲಿಕ.

ಎಪ್ಪತ್ತೆಂಟರಲ್ಲಿ ನನ್ನ ಮಗಳು ವಾರಿಜಾ ಆರನೆಯ ಕ್ಲಾಸು. ಮಗನಿಗೆ ಎಂಟು ತಿಂಗಳು, ಸದಾ ನನ್ನ ಸೊಂಟದ ಮೇಲೆ. ಟೀಚರ್ ಬರುವ ಮೊದಲು ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದವರು ಹೆಡ್‌ಮಾಸ್ಟರ್ ವಿಠಲ ಮಾಸ್ಟ್ರು. ಕಲಿಸುತ್ತಿದ್ದರು ಎನ್ನುವುದು ದೊಡ್ಡ ಮಾತಾಯಿತು. ಒಬ್ಬ ಹುಡುಗ ಎದ್ದು ನಿಂತು ಪುಸ್ತಕ ಓದಬೇಕು, ಉಳಿದವರು ಇಸವಿಗಳ ಕೆಳಗೆ ಗೆರೆ ಎಳೆಯಬೇಕು, ಮಾಸ್ಟ್ರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಆಲಿಸಬೇಕು. ವಾರಿಜಾ ಪಾಣಿಪತ್ತದ ಮೂರು ಯುದ್ಧಗಳ ಇಸವಿಯನ್ನು ಉಸಿರು ಬಿಡದೆ ಹೇಳುತ್ತಿದ್ದಳು.

"ಪಾಣಿಪತ್ತ ಎಲ್ಲುಂಟು ಮಗಾ?" ಎಂದು ನಾನು ಒಮ್ಮೆ ಕೇಳಿದೆ.

"ಪುಸ್ತಕದಲ್ಲಿ," ಎಂದಳು.

ನಳಿನಾಕ್ಷಿ ಟೀಚರ್ ಬಂದ ಮೇಲೆ ಇತಿಹಾಸ ಪುಸ್ತಕದಿಂದ ಹೊರಗೆ ಬಂತು. ಬಂದದ್ದು ಬಂದೇ ಬಂತು, ನೇರ ನಮ್ಮ ಅಡಿಗೆಮನೆಗೆ. ಕಾರ್ಕಳದ ಗೊಮ್ಮಟನ ಪಾಠದಲ್ಲಿ ಒಂದು ಸಾಲು: ರಾಜನು ಮೂರ್ತಿಯನ್ನು ನಿಲ್ಲಿಸಿದನು. ಟೀಚರ್ ನಾಲ್ಕು ಹುಡುಗರಿಂದ ಒಂದು ಕರಿಕಲ್ಲು ಹೊರಿಸಿ ತಂದು ಕ್ಲಾಸಿನ ಮಧ್ಯೆ ಇಡಿಸಿದರು. "ಯಾರು ರಾಜ? ಬಾ ಮಾರಾಯ, ಒಬ್ಬನೇ ನಿಲ್ಲಿಸು ನೋಡುವ." ಯಾವ ರಾಜನಿಂದಲೂ ಆಗಲಿಲ್ಲ. ಹಾಗಾದರೆ ಗುಡ್ಡದ ಮೇಲೆ ಅಷ್ಟು ದೊಡ್ಡದನ್ನು ಎಳೆದವರು ಎಷ್ಟು ಜನ, ಅವರಿಗೆ ಗಂಜಿ ಬೇಯಿಸಿದವರು ಯಾರು, ಅಕ್ಕಿ ಯಾರ ಬುಟ್ಟಿಯಲ್ಲಿ ಬಂತು ಎಂದು ಪ್ರಶ್ನೆ. ಬುಟ್ಟಿ ಹೆಣೆಯುವ ಅಂಗಾರನ ಮಗಳು ಅಲ್ಲಿಯವರೆಗೆ ಕೊನೆಯ ಬೆಂಚಿನಲ್ಲಿ ಬಾಯಿಯೇ ಇಲ್ಲದವಳಂತೆ ಕೂತಿದ್ದವಳು. ಆ ದಿನ ಎದ್ದು, ಬೈಹುಲ್ಲಿನಲ್ಲಿ ಕಟ್ಟಿದ ಒಂದು ಮುಡಿ ಅಕ್ಕಿಗೆ ಎಷ್ಟು ಬುಟ್ಟಿ ಬೇಕು ಎಂದು ಲೆಕ್ಕ ಹೇಳಿದಳಂತೆ. ಬ್ಯಾರಿಗಳ ಮನೆಯ ಸಾರಮ್ಮ ತನ್ನ ಅಜ್ಜಿ ರುಕಿಯಮ್ಮನಲ್ಲಿ ಕೇಳಿ, ಅಜ್ಜನ ಕಾಲದ ಹಾಯಿದೋಣಿ ಮಂಜಿಯಲ್ಲಿ ಹಂಚು ಹೋಗಿ ಖರ್ಜೂರ ಬರುತ್ತಿದ್ದ ಕಥೆ ಬರೆದು ತಂದಳು. ಅದೂ ಇತಿಹಾಸವೇ ಎಂದು ಟೀಚರ್ ಹೇಳಿದ್ದಕ್ಕೆ ರುಕಿಯಮ್ಮನ ಕಾಲು ಒಂದು ವಾರ ನೆಲದ ಮೇಲೆ ನಿಲ್ಲಲಿಲ್ಲ.

ಆಮೇಲಿನ ಮನೆಕೆಲಸ: ನಿಮ್ಮ ಮನೆಯಲ್ಲಿ ಯಜಮಾನಿಕೆ ಯಾರ ನಂತರ ಯಾರಿಗೆ ಬಂತು, ಕೇಳಿ ಬರೆಯಿರಿ. ನಮ್ಮ ಕಡೆ ಅದರಲ್ಲಿ ಗುಟ್ಟು ಎಂತ ಉಂಟು? ಆಸ್ತಿ ಮಕ್ಕಳಿಗೇ ಎಂದು ಕಾನೂನು ಬದಲಾಗಿ ಇಪ್ಪತ್ತು ವರ್ಷ ಕಳೆದಿತ್ತು, ಆದರೂ ಹಿರಿಯರ ಬಾಯಲ್ಲಿ ಕ್ರಮ ಒಂದೇ. ಮಾವನ ನಂತರ ಅಳಿಯ, ಅಂದರೆ ಅಕ್ಕತಂಗಿಯರ ಮಗ. ಮುಕ್ಕಾಲು ಮಕ್ಕಳು ಹಾಗೆಯೇ ಬರೆದರು. ಕಾರ್ಕಳದ ಭೈರರಸರಲ್ಲೂ ಇದೇ ಕ್ರಮವಿತ್ತು ಎಂದು ಟೀಚರ್ ಹೇಳಿದಾಗ, ರಾಜರು ತಮ್ಮ ನೆಂಟರೇ ಆಗಿಬಿಟ್ಟಂತೆ ಮಕ್ಕಳು ಹಿಗ್ಗಿದರು.

ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಬರುವ ದಿನ ಬಂತು. ಅವರು ಒಪ್ಪಿ ಬರೆದರೆ ಟೀಚರ ಕೆಲಸ ಖಾಯಂ. ಹಾರಕ್ಕೆ ಒಂದು ಅಟ್ಟೆ ಮಲ್ಲಿಗೆ ತರಬೇಕೆಂದು ಮಾಸ್ಟ್ರು ಹೂ ಕಟ್ಟಿ ಮಾರುವ ನನಗೆ ಹೇಳಿ ಕಳಿಸಿದ್ದರು. ಸಾವಿರಾರು ಮೊಗ್ಗು ಕಟ್ಟಿದರೆ ಒಂದು ಅಟ್ಟೆ. ಹೇಳಿ ಕಳಿಸುವುದಕ್ಕೆ ಒಂದು ಬಾಯಿ ಸಾಕು. ಹೂ ಕೊಟ್ಟು, ಮಗುವನ್ನು ಎತ್ತಿಕೊಂಡು ಜಗಲಿಯಲ್ಲಿ ನಿಂತಿದ್ದೆ. ಹಾಗಾಗಿ ಎಲ್ಲವನ್ನೂ ಕಣ್ಣಾರೆ ಕಂಡೆ.

ಇನ್‌ಸ್ಪೆಕ್ಟರು ಘಟ್ಟದ ಮೇಲಿನವರು, ನಮ್ಮ ಜಿಲ್ಲೆಗೆ ಬಂದು ಮೂರು ತಿಂಗಳು. ಕೊರಳಿನ ಹಾರ ಸರಿಮಾಡಿಕೊಂಡು ಕೇಳಿದರು: "ರಾಜ ಸತ್ತೋದ. ಪಟ್ಟ ಯಾರಿಗಪ್ಪಾ?"

ಇಡೀ ಕ್ಲಾಸು ಒಂದೇ ಸ್ವರದಲ್ಲಿ: "ಅಳಿಯನಿಗೆ ಸಾರ್!"

"ಅಳಿಯನಿಗಾ! ರಾಜನಿಗೆ ಗಂಡುಮಕ್ಕಳಿರಲಿಲ್ವೇನಮ್ಮಾ?"

ನನ್ನ ಮಗಳು ಎದ್ದಳು. "ಮಗ ಉಂಟು ಸಾರ್. ಅವನಿಗೆ ಅವನ ಮಾವನ ಮನೆಯದ್ದು ಸಿಗ್ತದೆ."

"ಹಂಗಾದ್ರೆ ಅವನೂ ಮನೆ ಅಳಿಯನಾಗಿ ಹೋದ!" ಇನ್‌ಸ್ಪೆಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನ್ರೀ ಹೆಡ್‌ಮಾಸ್ಟ್ರೇ, ನಿಮ್ಮ ಕಡೆ ಮಗಳ ಗಂಡನಿಗೆ ರಾಜ್ಯ ಕೊಟ್ಟು, ಮಗನ್ನ ಬೀಗರ ಮನೆಗೆ ಕಳಿಸ್ತೀರೇನ್ರೀ?"

"ಅಲ್ಲ ಸಾರ್," ಎಂದರು ಟೀಚರ್. "ನಮ್ಮಲ್ಲಿ ಅಳಿಯ ಅಂದರೆ ಮಗಳ ಗಂಡ ಮಾತ್ರ ಅಲ್ಲ. ಅಕ್ಕತಂಗಿಯ ಮಗ. ಇಲ್ಲಿಯ ಅರಸರಲ್ಲಿಯೂ..."

"ಪುಸ್ತಕದಲ್ಲಿದೆಯೇನಮ್ಮಾ?"

"ಇಲ್ಲ ಸಾರ್. ಊರಲ್ಲಿ ಉಂಟು."

"ಊರಲ್ಲಿ ಸಾವಿರ ಇರುತ್ತೆ. ಹೆಡ್‌ಮಾಸ್ಟ್ರೇ, ಇವರು ಹೇಳೋದು ನಿಜವಾ?"

ಒಂದು 'ಹೌದು' ಸಾಕಿತ್ತು. ವಿಠಲ ಮಾಸ್ಟ್ರು ಪಂಚೆಯ ಅಂಚನ್ನು ನೋಡಿದರು, ಮೇಲೆ ಮಾಡಿನ ಹಂಚು ನೋಡಿದರು. "ಹೊಸ ಟೀಚರ್, ಸಾರ್. ಸ್ವಲ್ಪ ಸ್ವಂತದ್ದು ಸೇರಿಸ್ತಾರೆ," ಎಂದರು.

ತಪಾಸಣೆಯ ಪುಸ್ತಕದಲ್ಲಿ ಇನ್‌ಸ್ಪೆಕ್ಟರು ಬರೆದರು: ಅಧ್ಯಾಪಕಿಗೆ ವಿಷಯಜ್ಞಾನ ಸಾಲದು, ಖಾಯಂ ಮಾಡುವ ಮೊದಲು ಪೋಷಕರ ಅಭಿಪ್ರಾಯ ಪಡೆಯತಕ್ಕದ್ದು. ಅದನ್ನು ಬರೆದದ್ದು ಆಫೀಸಿನಲ್ಲಿ, ನನ್ನ ಮಲ್ಲಿಗೆಯದೇ ಮಾಲೆ ಹಾಕಿದ್ದ ಒಂದು ಫೋಟೊದ ಕೆಳಗೆ ಕೂತು. ಆ ಫೋಟೊದ ಸಂಗತಿ ಆಮೇಲೆ ಹೇಳುತ್ತೇನೆ.

ಮೂರನೆಯ ದಿನ ಬೆಳಿಗ್ಗೆ ಮಾಸ್ಟ್ರು ನಮ್ಮ ಅಂಗಳಕ್ಕೆ ಬಂದರು, ಕೈಯಲ್ಲಿ ಉದ್ದದ ಬಿಳಿ ಹಾಳೆ. ನಾನೂ ಪಕ್ಕದ ಮನೆಯ ಬರ್ತಾಬಾಯಿಯೂ ಹೂ ಕಟ್ಟುತ್ತಿದ್ದೆವು. ಮಗು ಬಾಳೆನಾರನ್ನು ಬಾಯಿಗೆ ಹಾಕಿಕೊಳ್ಳುತ್ತಿತ್ತು.

"ನಿಮ್ಮ ಅಕ್ಷರ ಮುತ್ತಿನ ಹಾಗೆ ಉಂಟಲ್ವಾ ಅಮ್ಮ," ಎಂದು ಶುರು ಮಾಡಿದರು. "ನಾಲ್ಕು ಸಾಲು ಬರೆದುಕೊಡಿ. ಪುಸ್ತಕ ಬಿಟ್ಟು ಕಲಿಸ್ತಾರೆ, ಪೋಷಕರಿಗೆ ಸಮಾಧಾನ ಇಲ್ಲ ಅಂತ. ತಾಯಂದಿರ ರುಜು ನಾನು ಹಾಕಿಸ್ತೇನೆ."

"ಅವರು ಹೋದರೆ ಆ ಜಾಗಕ್ಕೆ ಯಾರು ಮಾಸ್ಟ್ರೇ?"

"ನಮ್ಮ ತಂಗಿಯ ಮಗಳು ಟ್ರೈನಿಂಗ್ ಮುಗಿಸಿದ್ದಾಳೆ. ಕಾಪುವಿನಲ್ಲಿ ಸುಮ್ಮನೆ ಕೂತಿದ್ದಾಳೆ, ಪಾಪ."

ಬರ್ತಾಬಾಯಿ ಹೂವಿನಿಂದ ತಲೆ ಎತ್ತಿದರು. "ತಂಗಿಯ ಮಗಳಾ? ನಿಮಗೆ ಸ್ವಂತ ಮಗಳು ಉಂಟಲ್ಲ ಮಾಸ್ಟ್ರೇ?"

"ಅವಳಿಗೆ ಅವಳ ಮಾವಂದಿರು ನೋಡ್ತಾರೆ," ಎಂದರು ಮಾಸ್ಟ್ರು, ಹಿಂದೆ ಮುಂದೆ ನೋಡದೆ.

ನನಗೆ ನಗು ತಡೆಯಲಿಲ್ಲ, ಸಿಟ್ಟೂ ತಡೆಯಲಿಲ್ಲ. "ಮಾಸ್ಟ್ರೇ, ಆಫೀಸಿನಲ್ಲಿ ಫೋಟೊ ಯಾರದ್ದು?"

"ಎಂತ ಕೇಳ್ತೀರಿ? ನಮ್ಮ ದೊಡ್ಡ ಮಾವನದ್ದು. ಶಾಲೆ ಕಟ್ಟಿಸಿದವರು."

"ಅವರ ಮಗ?"

"ಜನಾರ್ದನ ಬೊಂಬಾಯಿಯಲ್ಲಿ ಇದ್ದಾನೆ."

"ಹಾಗಾದರೆ ಶಾಲೆ ಯಾರಿಗೆ ಬಂತು?"

ಮಾಸ್ಟ್ರು ಹಾಳೆಯನ್ನು ಮಡಚಿದರು, ಬಿಚ್ಚಿದರು.

"ಜೋರಾಗಿ ಹೇಳಿ ಮಾಸ್ಟ್ರೇ," ಎಂದರು ಬರ್ತಾಬಾಯಿ. "ಒಳಗೆ ವಾರಿಜಾ ಇದ್ದಾಳೆ, ಅವಳಿಗೂ ಕೇಳಲಿ. ಮೊನ್ನೆ ಇನ್‌ಸ್ಪೆಕ್ಟರ ಎದುರು ಉತ್ತರ ಹೇಳದೆ ಇದ್ದದ್ದು ನೀವೊಬ್ಬರೇ."

ಮಾವನಿಂದ ಬಂದ ಶಾಲೆಯಲ್ಲಿ, ಮಾವನ ಫೋಟೊದ ಕೆಳಗೆ, ಮಾವನ ಕುರ್ಚಿಯಲ್ಲಿ ಕೂರುವ ಅಳಿಯ. ಊರಿನ ಕ್ರಮ ಹೌದೋ ಅಲ್ಲವೋ ಎಂದು ಕೇಳಿದರೆ ಮಾಡಿನ ಹಂಚು ಎಣಿಸುತ್ತಾರೆ. ಇಂಥವರ ಹತ್ತಿರ ಮಕ್ಕಳು ಎಷ್ಟು ಇಸವಿ ಕಲಿತರೇನು!

"ಹಾಳೆ ಕೊಡಿ, ಬರೆದುಕೊಡ್ತೇನೆ," ಎಂದೆ.

ಮಗುವನ್ನು ಮಲಗಿಸಿ ಬರೆದೆ: ನಮ್ಮ ಮಕ್ಕಳು ಹೇಳಿದ ಉತ್ತರ ಸರಿ. ನಮ್ಮ ಕಡೆ ಅಳಿಯ ಎಂದರೆ ಸಹೋದರಿಯ ಮಗ. ಇದಕ್ಕೆ ಸಾಕ್ಷಿ ಬೇಕಾದರೆ ನಮ್ಮ ಹೆಡ್‌ಮಾಸ್ಟರೇ ಇದ್ದಾರೆ, ಈ ಶಾಲೆ ಅವರಿಗೆ ಮಾವನಿಂದ ಬಂದದ್ದು. ನಳಿನಾಕ್ಷಿ ಟೀಚರ ಕಲಿಸುವಿಕೆಯಿಂದ ಪೋಷಕರಿಗೆ ಪೂರ್ಣ ಸಮಾಧಾನವಿದೆ. ಮಧ್ಯಾಹ್ನ ಮಗುವನ್ನೂ ಹಾಳೆಯನ್ನೂ ಎತ್ತಿಕೊಂಡು ಮನೆ ಮನೆಗೆ ಹೋದೆ. ಇಪ್ಪತ್ತಮೂರು ತಾಯಂದಿರು ರುಜು ಹಾಕಿದರು. ರುಕಿಯಮ್ಮ ಹೆಬ್ಬೆಟ್ಟು ಒತ್ತಿ, "ಮಂಜಿಯದ್ದೂ ಬರೆ ಮಗಳೇ," ಎಂದರು. ಅಂಗಾರನ ಹೆಂಡತಿ ಹೆಬ್ಬೆಟ್ಟು ಎಲ್ಲಿ ಒತ್ತುವುದೆಂದು ಕೇಳಿದಳು. ಹಾಳೆಯ ಎಲ್ಲಕ್ಕಿಂತ ಕೆಳಗೆ ಬೆರಳು ತಂದಿದ್ದಳು. ಮೇಲೆ, ನನ್ನ ಹೆಸರಿನ ಪಕ್ಕದಲ್ಲಿ ಜಾಗ ತೋರಿಸಿದೆ.

ಮಾಸ್ಟ್ರು ಓದಿ ಬೆವರಿದರು. "ಇದನ್ನು ಕಳಿಸ್ಲಿಕ್ಕೆ ಆಗ್ತದಾ ಅಮ್ಮ?"

"ನಿಮಗೆ ಆಗದಿದ್ದರೆ ಅಂಚೆಗೆ ನಾನೇ ಹಾಕ್ತೇನೆ."

"ಮಾವನ ವಿಷಯ ಒಂದು ತೆಗೆಯಿರಿ. ಇನ್‌ಸ್ಪೆಕ್ಟರ್ ಎಂತ ಗ್ರಹಿಸ್ತಾರೆ?"

ನನಗೆ ಬೇಕಾದದ್ದು ಅವರ ಮರ್ಯಾದೆಯಲ್ಲ, ಟೀಚರ ಕೆಲಸ. "ತೆಗೀತೇನೆ. ಆದರೆ ಮಕ್ಕಳ ಉತ್ತರ ಸರಿ ಅಂತ ನೀವು ಕೆಳಗೆ ಬರೆದು ರುಜು ಹಾಕಬೇಕು."

ಹಾಕಿದರು. 'ಸ್ಥಳೀಯ ಪದ್ಧತಿಯನ್ನು ಅನುಸರಿಸಿ ಸದರಿ ಉತ್ತರವು ಸರಿಯೆನ್ನಬಹುದಾಗಿದೆ' ಎಂದು ಬರೆದರು. 'ಸರಿ' ಎಂದು ಎರಡಕ್ಷರ ಬರೆಯುವುದಕ್ಕೆ ಆ ಮನುಷ್ಯನಿಗೆ ಅಷ್ಟು ದೊಡ್ಡ ವಾಕ್ಯ ಬೇಕಾಯಿತು.

ನಾಲ್ಕು ತಿಂಗಳಲ್ಲಿ ಖಾಯಂ ಆದೇಶ ಬಂತು. ಟೀಚರ್ ಬಸ್ಸಿಳಿದು ನೇರ ನಮ್ಮ ಅಂಗಳಕ್ಕೆ ಬಂದು, ನನ್ನ ಮಗುವಿನ ಕೆನ್ನೆ ಕೆಂಪಾಗುವಷ್ಟು ಹಿಂಡಿದರು. ಮಗು ಅತ್ತಿತು. ಟೀಚರ ಕಣ್ಣಲ್ಲೂ ನೀರಿತ್ತು, ಅದಕ್ಕೂ ಅವರಿಗೆ ಸಿಟ್ಟು.

ಮಾಸ್ಟ್ರು ಬಿಡುವವರಲ್ಲ. ಮರುವಾರವೇ ವೇಳಾಪಟ್ಟಿ ಬದಲಾಯಿತು. ಇತಿಹಾಸ ಮತ್ತೆ ಅವರಿಗೆ, ನಳಿನಾಕ್ಷಿ ಟೀಚರಿಗೆ ಹೊಲಿಗೆ.

"ಹೊಲಿಗೆಯಾ!" ಎಂದರು ಟೀಚರ್ ನನ್ನಲ್ಲಿ. "ನನಗೆ ರವಿಕೆಯ ಗುಂಡಿ ಹೊಲೀಲಿಕ್ಕೂ ಬರುದಿಲ್ಲ ಮಾರಾಯ್ರೆ. ಗುಂಡಿಯ ಜಾಗದಲ್ಲಿ ಪಿನ್ನು ಕಂಡಿಲ್ವಾ ನೀವು?"

ಹಾಗಾಗಿ ಹೊಲಿಗೆಯ ಪೀರಿಯಡ್‌ನಲ್ಲಿ ಮಕ್ಕಳು ಮನೆಯಿಂದ ಮೊಗ್ಗು, ಬಾಳೆನಾರು ತಂದು ಹೂ ಕಟ್ಟುತ್ತಿದ್ದರು. ಮಕ್ಕಳೇ ಟೀಚರಿಗೆ ಕಲಿಸುತ್ತಿದ್ದರು. ಟೀಚರ್ ಕಟ್ಟಿದ್ದು ಅರ್ಧ ಗಂಟೆಯಲ್ಲಿ ಉದುರುತ್ತಿತ್ತು. ಈ ಗಂಟು ಹಾಕುವ ಕ್ರಮ ನಿನಗೆ ಯಾರು ಹೇಳಿಕೊಟ್ಟದ್ದು, ಅವರಿಗೆ ಯಾರು, ಅವರ ಅಮ್ಮನಿಗೆ ಯಾರು ಎಂದು ಟೀಚರ್ ಕೇಳುತ್ತ ಹೋಗುತ್ತಿದ್ದರು. ಪಕ್ಕದ ಕೋಣೆಯಲ್ಲಿ ಇತಿಹಾಸದ ಪೀರಿಯಡ್. ಅಲ್ಲಿ ಒಬ್ಬ ಹುಡುಗ ನಿಂತು ಓದುತ್ತಿದ್ದ, ಒಬ್ಬರು ಕಣ್ಣು ಮುಚ್ಚಿ ಆಲಿಸುತ್ತಿದ್ದರು.

ವಾರ್ಷಿಕ ಪರೀಕ್ಷೆಯಲ್ಲಿ ಪ್ರಶ್ನೆ ಅದೇ ಬಂತು: ರಾಜನ ನಂತರ ಪಟ್ಟ ಯಾರಿಗೆ? ವಾರಿಜಾ ಬರೆದಿದ್ದಳು: ಪುಸ್ತಕದಲ್ಲಿ ಮಗನಿಗೆ, ನಮ್ಮ ಶಾಲೆಯಲ್ಲಿ ಅಳಿಯನಿಗೆ. ವಿಠಲ ಮಾಸ್ಟ್ರು ಮೊದಲು ಕೆಂಪು ಶಾಯಿಯಲ್ಲಿ ತಪ್ಪು ಹಾಕಿ, ಆಮೇಲೆ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಣ್ಣದಾಗಿ ಅರ್ಧ ಅಂಕ ಕೊಟ್ಟಿದ್ದರು.