ಲಮ್‌ದುವನ್ ಬಿಟ್ಟ ದಾಕ್ಷಿಣ್ಯ

ಲಮ್‌ದುವನ್ ಯಾರ ಮೇಲೂ ದನಿ ಎತ್ತಿದವಳಲ್ಲ. ತ್ರಾಂಗ್ ಪೇಟೆಯಲ್ಲಿ ನನ್ನ ಸುಟ್ಟ ಬಾಳೆಹಣ್ಣಿನ ಗಾಡಿಯ ಪಕ್ಕದಲ್ಲೇ ಅವಳ ಹೊಲಿಗೆ ಯಂತ್ರ. ತಪ್ಪು ಅಳತೆ ಕೊಟ್ಟ ಗಿರಾಕಿಯೇ ಬಂದು ರೇಗಿದರೂ ಇವಳು ಕೈಮುಗಿದು, ಬಿಚ್ಚಿ, ಮತ್ತೆ ಹೊಲಿದು ಕೊಡುತ್ತಿದ್ದಳು. ನೋಡಿ ನೋಡಿ ನನಗೆ ಮೈ ಉರಿಯುತ್ತಿತ್ತು. ಎದುರಿನವರ ಮುಖ ಬಾಡದಂತೆ ನೋಡಿಕೊಳ್ಳುವವಳೇ ನಮ್ಮಲ್ಲಿ ಒಳ್ಳೆಯ ಹೆಂಗಸು. ಅವಳ ಮುಖ ಬಾಡಿದರೆ ಕೇಳುವವರಿಲ್ಲ.

ಗಂಡ ಸಮ್ರಿತ್ ಇನ್ನೊಬ್ಬಳನ್ನು ಕಟ್ಟಿಕೊಂಡು ಹೋದಾಗಲೂ ಅವಳು ಬೈಯಲಿಲ್ಲ. ವಿಚ್ಛೇದನ ಬರೆಸಲು ತಾಲೂಕು ಕಚೇರಿಗೆ ಹೋದ ದಿನ ಗುಮಾಸ್ತೆ ಕೇಳಿದಳು, "ಮಗು ಯಾರ ಸುಪರ್ದಿಗೆ?" ಸಮ್ರಿತ್ ಮೊಬೈಲು ನೋಡುತ್ತಿದ್ದ. ಅವನ ತಾಯಿ ಚಮ್ರಿಯಾಂಗ್ ತಲೆ ತಗ್ಗಿಸಿ ಕೂತಿದ್ದಳು. ಸೊಸೆಯ ಬಾಣಂತನ ಮಾಡಿದ ಮುದುಕಿ. ಮಗು ತನಗೇ ಅಂದರೆ ಈಕೆಯ ಮಗ ಅಪ್ಪನಾಗಲು ಲಾಯಕ್ಕಲ್ಲ ಎಂದು ಎಲ್ಲರೆದುರು ಸಾರಿದಂತಾಗುತ್ತದಲ್ಲ! "ಇಬ್ಬರಿಗೂ ಇರಲಿ" ಅಂದುಬಿಟ್ಟಳು ಲಮ್‌ದುವನ್. ಗುಮಾಸ್ತೆ ಹಾಗೆಯೇ ಬರೆದುಕೊಂಡಳು.

ಆಮೇಲೆ ವರ್ಷಗಟ್ಟಲೆ ಅವನು ಮಗಳು ಸಾಯ್‌ಮಾಯ್‌ಳ ಮುಖ ನೋಡಲಿಲ್ಲ. ಈ ಹೊಸವರ್ಷಕ್ಕೆ ಮಾತ್ರ ತಾಯಿಯ ಕೈಯಲ್ಲಿ ಒಂದು ಹಳದಿ ಫ್ರಾಕು ಕಳಿಸಿದ್ದ.

ಗಡಿಯಾಚೆ ಪಿನಾಂಗ್‌ನಲ್ಲಿ ಹೊಲಿಗೆ ಅಂಗಡಿ ಇಟ್ಟ ಅಕ್ಕ, "ಮಗೂನ ಕರ್ಕೊಂಡು ಬಂದ್ಬಿಡೆ" ಎಂದು ಕರೆದಾಗ ಲಮ್‌ದುವನ್ ಹಾಡಿಕೊಂಡು ಹೊಲಿದಳು. ಮಗುವಿನ ಪಾಸ್‌ಪೋರ್ಟಿಗೆ ಜೊತೆಯಲ್ಲಿ ನಾನೂ ಹೋಗಿದ್ದೆ. ಕಿಟಕಿಯ ಹಿಂದಿನ ಹುಡುಗ ವಿಚ್ಛೇದನದ ಕಾಗದ ತಿರುವಿ ನೋಡಿದ.

"ಜಂಟಿ ಅಂತಿದೆಯಲ್ಲಮ್ಮ. ತಂದೆಯೂ ಬಂದು ಸಹಿ ಹಾಕ್ಬೇಕು."

"ಮಗೂಗೆ ಜ್ವರ ಬಂದಾಗ ಬರದವನು ಇಲ್ಲಿಗೆ ಬರ್ತಾನೇನಪ್ಪಾ?" ಎಂದೆ ನಾನು.

"ನಾನೇನ್ಮಾಡ್ಲಿ, ದೊಡ್ಡಮ್ಮ? ನಿಯಮ."

ಮಕ್ಕಳನ್ನು ಕದ್ದೊಯ್ಯುವ ಅಪ್ಪ ಅಮ್ಮಂದಿರೂ ಇದ್ದಾರೆ, ನಿಯಮ ಬೇಕು, ಒಪ್ಪುತ್ತೇನೆ. ಆದರೆ ಬಿಟ್ಟುಹೋದವನ ಕೈಗೇ ಬೀಗದ ಕೈ ಸಿಕ್ಕಿತಲ್ಲ, ಅದಕ್ಕೆ ನನಗೆ ಹೊಟ್ಟೆ ಉರಿ.

ಸಮ್ರಿತ್ ತನ್ನ ಟೈರ್ ಅಂಗಡಿಯಲ್ಲಿ ಕುರ್ಚಿಯಿಂದ ಏಳಲೂ ಇಲ್ಲ. "ನನ್ನ ಮಗಳನ್ನ ಪರದೇಶಕ್ಕೆ ಕಳಿಸಿದ್ರೆ ಜನ ನನ್ನ ಏನಂತಾರೆ? ನೀನು ಬೇಕಾದ್ರೆ ಹೋಗು. ಮಗು ನಮ್ಮಮ್ಮನ ಹತ್ರ ಇರ್ಲಿ."

"ಥೂ! ಈಗ ನೆನಪಾದ್ಳಾ ಮಗಳು?" ಎಂದೆ. ಲಮ್‌ದುವನ್ ನನ್ನ ತೋಳು ಹಿಡಿದೆಳೆದು ಹೊರಗೆ ತಂದಳು. "ಜನ ನೋಡ್ತಾರಕ್ಕಾ..." ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

ಕೊನೆಗೆ ಸುಪರ್ದಿ ಬದಲಿಸಿಕೊಡಿ ಎಂದು ಮಕ್ಕಳ ಮತ್ತು ಕುಟುಂಬ ನ್ಯಾಯಾಲಯಕ್ಕೆ ಅರ್ಜಿ. ಮೊದಲು ರಾಜಿ ಮಾತು. ಮಧ್ಯಸ್ಥಿಕೆಗೆ ಕೂತ ಹೆಂಗಸು ಬೆಣ್ಣೆಯಂಥ ದನಿಯಲ್ಲಿ, "ಜಂಟಿಯಾಗೇ ಇರ್ಲಮ್ಮ. ಮಗು ಅಜ್ಜಿ ಮನೇಲಿ ಓದ್ಲಿ, ನೀವು ರಜೆಗೆ ಬಂದು ನೋಡ್ಕೊಂಡು ಹೋಗಿ. ಯಾರಿಗೂ ಬೇಜಾರಾಗೋದು ಬೇಡ" ಎಂದಳು.

ಲಮ್‌ದುವನ್ ಅತ್ತೆಯ ಕಡೆ ನೋಡಿದಳು. ಮುದುಕಿ ಅವತ್ತಿನಂತೆಯೇ ತಲೆ ತಗ್ಗಿಸಿದ್ದಳು. ಮುಗಿಯಿತು, ಇವಳು ಮತ್ತೆ ಕೈಮುಗಿಯುತ್ತಾಳೆ ಅಂದುಕೊಂಡೆ.

"ಇಲ್ಲ" ಎಂದಳು ಲಮ್‌ದುವನ್. "ನನಗೊಬ್ಬಳಿಗೇ."

ಚೀಲದಿಂದ ಹಳದಿ ಫ್ರಾಕು ತೆಗೆದು, ಒಳಗು ಹೊರಗು ಮಾಡಿ, ಮೇಜಿನ ಮೇಲೆ ಹಾಸಿದಳು. ಪಕ್ಕಗಳಲ್ಲಿ, ಅಂಚಿನಲ್ಲಿ, ಎಲ್ಲೆಲ್ಲೂ ಸೇರಿಸಿದ ಬಟ್ಟೆ.

"ಇವ್ರು ಕಳಿಸಿದ್ದು ನಡೆಯೋಕೆ ಕಲಿಯೋ ಕೂಸಿನ ಅಳತೆ. ಬಿಟ್ಟು ಹೋದಾಗ ಅಷ್ಟೇ ಇದ್ಳಲ್ಲ, ಅಷ್ಟೇ ಗೊತ್ತು ಇವ್ರಿಗೆ. ಅತ್ತೆಗೆ ನೋವಾಗ್ಬಾರದು ಅಂತ ನಾನು ರಾತ್ರಿ ಕೂತು ದೊಡ್ಡದು ಮಾಡಿದೆ. ಇನ್ನು ಮಾಡಲ್ಲ. ನಂಗೆ ಸಿಟ್ಟು ಬಂದಿದೆ!"

ಸಮ್ರಿತ್ ಕಿವಿಯವರೆಗೂ ಕೆಂಪಾದ. ಎಲ್ಲರ ಕಣ್ಣೂ ಫ್ರಾಕಿನ ಮೇಲಿತ್ತು. ಮಗಳ ಮೇಲಿನ ಪ್ರೀತಿಯಿಂದಲ್ಲ, ಅಲ್ಲಿಂದ ಎದ್ದು ಓಡಿದರೆ ಸಾಕಾಗಿ, ಸುಪರ್ದಿ ಅವಳಿಗೆಂದು ಸಹಿ ಹಾಕಿದ.

ಹೊರಗೆ ಬಂದಾಗ ತಾಯಿಯೂ, ಬೆಂಚಿನ ಮೇಲೆ ಕಾದಿದ್ದ ಮಗಳೂ ಮುದುಕಿಯ ಮುಂದೆ ಬಗ್ಗಿ ಕೈಮುಗಿದರು. ಅವಳು ಮುಖ ತಿರುಗಿಸಿ, ಛತ್ರಿ ಬಿಚ್ಚಿಕೊಂಡು ಮಗನ ಹಿಂದೆ ನಡೆದಳು. ಮಗ ಸಂಸಾರ ಬಿಟ್ಟು ಓಡಿದಾಗ ತಿರುಗದಿದ್ದ ಮುಖ ಅದು!

ಸಾಯ್‌ಮಾಯ್ ಮುಗಿದ ಕೈಯನ್ನು ಇಳಿಸಿರಲಿಲ್ಲ. "ಅಮ್ಮಾ, ಅಜ್ಜಿಗೆ ಬೇಜಾರಾಯ್ತಾ?"

ಲಮ್‌ದುವನ್ ಮಗಳ ಕೈ ಇಳಿಸಿ ಹಿಡಿದುಕೊಂಡಳು.

"ಹೂಂ, ಆಯ್ತು. ಆಗ್ಲಿ ಬಾ."