ಚಿತ್ರದ ಹಿಂದಿನ ಎರಡು ಸಾಲು

ಬೆಳಗಿನ ಐದೂವರೆ. ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಒಂದೇ ದೀಪ. ಗುರುತು ಪತ್ತೆಯಾಗದ ರೋಗಿಗಳ ವೆಬ್ ಪುಟವನ್ನು ಇಲ್ಲಿನ ಸಿಬ್ಬಂದಿ, ಎಲ್ಲರ 'ಅಕ್ಕ', ಬರೆಯುತ್ತಿದ್ದಾರೆ. ಹೌದು, ಬರೆಯುತ್ತಿದ್ದಾರೆ. ಫೋಟೊ ಎಳೆದು ತಂದು ಕೂರಿಸುವ ಸಿದ್ಧ ಸಾಫ್ಟ್‌ವೇರ್ ಇದ್ದರೂ ಮುಟ್ಟುವುದಿಲ್ಲ. ಒಂದೊಂದೇ ಸಾಲು ಕೋಡ್ ಟೈಪ್ ಮಾಡಿ, ಆವರಣ ಚಿಹ್ನೆಯಂತೆ ತೆರೆದ ಪ್ರತಿ ಟ್ಯಾಗನ್ನೂ ಮುಚ್ಚಿ, ಮತ್ತೆ ಮೇಲಿನಿಂದ ಓದುತ್ತಾರೆ.

ಇವತ್ತು ಪುಟದಲ್ಲಿ ಹನ್ನೊಂದು ಜನ. ಪ್ರತಿ ಫೋಟೊದ ಹಿಂದೆ, ಕೋಡಿನೊಳಗೆ, ಎರಡು ಸಾಲು ವಿವರಣೆ. ಫೋಟೊ ತೆರೆಯದ ಫೋನಿನಲ್ಲಿ ಅದು ಅಕ್ಷರವಾಗಿ ಕಾಣುತ್ತದೆ. ಕಣ್ಣು ಕಾಣದವರಿಗೆ ಫೋನೇ ಓದಿ ಹೇಳುತ್ತದೆ. ಅದಕ್ಕಾಗಿ ಅಕ್ಕ ಮೊದಲು ವಾರ್ಡಿಗೆ ಹೋಗಿ ಒಬ್ಬೊಬ್ಬರನ್ನೂ ನೋಡಿ ಬರುತ್ತಾರೆ. "ಕಿವಿ ಹಿಂದಿನ ಮಚ್ಚೆ ಫೋಟೊದಲ್ಲಿ ಬರಲ್ಲ. ಹೆತ್ತವ್ರಿಗೆ ಅದೇ ಗುರುತು" ಎಂದು, ಕೆಲಸ ನೋಡಲು ಬಂದು ಪಕ್ಕದಲ್ಲಿ ಕೂತಿರುವ ನನಗೆ ಹೇಳುತ್ತಾರೆ.

"ಐದು ನಿಮಿಷದ ಕೆಲ್ಸ ಕಣ್ರೀ. ಅಕ್ಕ ಬೆಟ್ಟ ಅಗೆದು ಇಲಿ ಹಿಡೀತಾರೆ" ಎಂದು ಸಹೋದ್ಯೋಗಿಗಳು ಕಾಲೆಳೆಯುತ್ತಾರೆ. ಅಕ್ಕ ನಗುವುದಿಲ್ಲ.

ನಾಲ್ಕು ವರ್ಷದ ಹಿಂದೆ ಅವರೂ ಐದು ನಿಮಿಷದಲ್ಲಿ ಮುಗಿಸುತ್ತಿದ್ದರು. ಒಂದು ದಿನ ಮಗಳಿಗೆ ಜ್ವರ, ಮನೆಗೆ ಓಡುವ ಅವಸರ. ಸಾಫ್ಟ್‌ವೇರ್ ವಿವರಣೆಯ ಜಾಗವನ್ನು ಖಾಲಿ ಬಿಟ್ಟಿತ್ತು. ಇವರು ಕೋಡ್ ತೆರೆದು ನೋಡಲಿಲ್ಲ. ಕಾಣೆಯಾದ ಮಗನನ್ನು ಹುಡುಕುತ್ತಿದ್ದ, ಕಣ್ಣು ಕಾಣದ ತಾಯಿಯೊಬ್ಬರು ದಿನಾ ಅದೇ ಪುಟವನ್ನು ಫೋನಿನಲ್ಲಿ ಓದಿಸಿ ಕೇಳುತ್ತಿದ್ದರು. ಮಗನ ಸರದಿ ಬಂದಾಗ ಫೋನ್ ಹೇಳುತ್ತಿದ್ದದ್ದು ಒಂದೇ ಮಾತು: "ಚಿತ್ರ." ಒಂಬತ್ತನೇ ದಿನ ಪಕ್ಕದ ಮನೆಯವರು ಫೋಟೊ ನೋಡಿ ಅವರನ್ನು ಕರೆತಂದರು. ಹಿಂದಿನ ದಿನವೇ ಮಗ ತೀರಿಕೊಂಡಿದ್ದ.

"ಬೈದಿದ್ರೆ ಹಗುರ ಆಗ್ತಿತ್ತೇನೋ. ಆ ಅಮ್ಮ ಬೈಲಿಲ್ಲ. 'ಅಲ್ಲಿ ಏನಂತ ಬರೀತಿದ್ದೆ, ಈಗ್ಲಾದ್ರೂ ಹೇಳಮ್ಮ' ಅಂದ್ರು. ನಾನು ಅವನ ಮುಖಾನೇ ಸರಿಯಾಗಿ ನೋಡಿರ್ಲಿಲ್ಲ" ಎನ್ನುತ್ತಾರೆ ಅಕ್ಕ.

ಅಂದಿನಿಂದ ಅಕ್ಕ ಒಂದು ಸಾಲನ್ನೂ ಖಾಲಿ ಬಿಟ್ಟಿಲ್ಲ.

ಆರು ಗಂಟೆಗೆ ಫೋನ್ ಬರುತ್ತದೆ. ಅದೇ ತಾಯಿ. ಈಗ ಪ್ರಕಟಿಸುವ ಮುನ್ನ ಅಕ್ಕ ಪುಟದ ಪ್ರತಿಯನ್ನು ಮೊದಲು ಅವರಿಗೇ ಕಳಿಸುತ್ತಾರೆ, ಅವರು ಪೂರ್ತಿ ಕೇಳಿಸಿಕೊಳ್ಳುತ್ತಾರೆ. "ಏಳನೆಯವನದ್ದು ಸಾಲದು. ಮುಖ ಆಯ್ತು, ಕೈ ಹೇಗಿದೆ?"

ಏಳನೆಯವನು ನಿನ್ನೆ ಸಂಜೆ ಬಂದವನು, ಪ್ರಜ್ಞೆಯಿಲ್ಲ. ವೈದ್ಯರು ಭರವಸೆ ಕೊಟ್ಟಿಲ್ಲ. ಅಕ್ಕ ಮತ್ತೆ ವಾರ್ಡಿಗೆ ನಡೆಯುತ್ತಾರೆ, ನಾನೂ ಹಿಂದೆ ಹೋಗುತ್ತೇನೆ. ಅವನ ಕೈಯನ್ನು ಮೆಲ್ಲಗೆ ಎತ್ತಿ, ಬೆಳಕಿಗೆ ತಿರುಗಿಸಿ ನೋಡುತ್ತಾರೆ. ವಾಪಸ್ ಬಂದು ಟೈಪ್ ಮಾಡಿ, ಫೋನಿನಲ್ಲಿ ಓದಿ ಹೇಳುತ್ತಾರೆ: "ಬಲಗೈ ಹೆಬ್ಬೆರಳಿನ ಬುಡದಲ್ಲಿ ಹಳೆಯ ಸುಟ್ಟ ಕಲೆ."

ಆ ತಾಯಿ ಇನ್ನೊಮ್ಮೆ ಓದಿಸಿ ಕೇಳುತ್ತಾರೆ.

"ಸಾಕು. ಇವನಮ್ಮನಿಗೆ ಗೊತ್ತಾಗತ್ತೆ. ಬೇಗ ಹಾಕು ಮಗಳೇ."